ಪ್ರಾಗ್‌ಗೆ ಹೊರಟಿದ್ದೀರಾ? ಯೂರೋ ಬದಲಿಸುವ ಮುಂಚೆ ಇದನ್ನು ಓದಿ

ಪ್ರಾಗ್‌ನ ಓಲ್ಡ್ ಟೌನ್ ಸ್ಕ್ವೇರ್‌ನಿಂದ ಚಾರ್ಲ್ಸ್ ಸೇತುವೆ ಕಡೆಗೆ ಹೋಗುವ ಓಣಿಗಳಲ್ಲಿ ಹಣ ಬದಲಿಸಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ದಯವಿಟ್ಟು ಅಲ್ಲಿ ಕೇಳದೆ ನೋಡದೆ ಯೂರೋ ಕೊಡಬೇಡಿ. ನಮ್ಮ ಮನೆಯವರಿಗೆ ಆದದ್ದು ಬೇರೆಯವರಿಗೂ ಆಗಬಾರದು ಅಂತ ಬರೆಯುತ್ತಿದ್ದೇನೆ.

ಜೆಕ್ ದೇಶ 2004ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿತು. ಆದರೂ ಅಲ್ಲಿನ ಹಣ ಯೂರೋ ಅಲ್ಲ, ಕೊರುನಾ. ನಮ್ಮ ಕಡೆಯಿಂದ ಹೋಗುವವರು ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಮೂರನ್ನೂ ಒಟ್ಟಿಗೆ ನೋಡಿಕೊಂಡು ಬರುತ್ತಾರೆ. ವಿಯೆನ್ನಾದಲ್ಲಿ ಯೂರೋ, ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್. ನಾವು ಊರಿಂದ ಒಯ್ಯುವುದು ಮಾತ್ರ ಯೂರೋ. ಹಾಗಾಗಿ ಪ್ರಾಗ್‌ನಲ್ಲಿ ಕಾಲಿಟ್ಟ ಕೂಡಲೇ ಈ ಅಂಗಡಿ ಹುಡುಕುತ್ತೇವೆ. ಅದು ಅಂಗಡಿಯವರಿಗೂ ಚೆನ್ನಾಗಿ ಗೊತ್ತು.

ನಮ್ಮ ಭಾವ 200 ಯೂರೋ ಕೊಟ್ಟರು. ಬೋರ್ಡಿನ ಮೇಲೆ 'ಕಮಿಷನ್ 0%' ಅಂತ ದೊಡ್ಡದಾಗಿ ಬರೆದಿತ್ತು. ಅದರ ಪಕ್ಕ ಯೂರೋ ರೇಟು 25 ಚಿಲ್ಲರೆ. ಆಗ ಮಾರುಕಟ್ಟೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಂದರೆ 5000 ಕೊರುನಾ ಬರಬೇಕು ಅಲ್ವಾ? ಗಾಜಿನ ಆ ಕಡೆ ಕೂತಿದ್ದ ಹೆಂಗಸು ನೋಟು ಒಳಗೆಳೆದುಕೊಂಡು, ಒಂದು ಚೀಟಿಗೆ ಸಹಿ ಹಾಕಿಸಿಕೊಂಡು, 3400 ಎಣಿಸಿ ಕೊಟ್ಟರು. ಇದೇನು ಅಂತ ಕೇಳಿದರೆ ಬೋರ್ಡಿನ ಕೆಳಗಿನ ಸಾಲಿಗೆ ಬೆರಳು ತೋರಿಸಿದರು. ಮೇಲಿನ 25 ಅವರು ಯೂರೋ ಮಾರುವ ರೇಟಂತೆ. ನಮ್ಮಿಂದ ಕೊಳ್ಳುವುದು 17ಕ್ಕೆ. ಆ 17 ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿತ್ತು. ಕಮಿಷನ್ ಬೇರೆಯಾಗಿ ಕೇಳಲಿಲ್ಲ ನಿಜ, ರೇಟಿನಲ್ಲೇ ಮುರಿದುಕೊಂಡರು. ಹೋದ 1600 ಕೊರುನಾದಲ್ಲಿ ಮನೆಮಂದಿಯೆಲ್ಲ ಒಂದು ಹೊತ್ತು ಹೊಟ್ಟೆ ತುಂಬಾ ಉಣ್ಣಬಹುದಿತ್ತು.

ಯೂರೋ ವಾಪಸ್ ಕೊಡಿ ಅಂದೆವು. ಸಹಿ ಆದ ಮೇಲೆ ಆಗುವುದಿಲ್ಲ ಅಂದುಬಿಟ್ಟರು. ನನಗೆ ಜಾಸ್ತಿ ಸಿಟ್ಟು ಬಂದದ್ದು ರೇಟಿಗಿಂತ ಈ ಮಾತಿಗೆ. ಯಾಕೆಂದರೆ ಇದು ಅಪ್ಪಟ ಸುಳ್ಳು. ಹೋಟೆಲಿಗೆ ಹೋದಾಗ ರಿಸೆಪ್ಷನ್‌ನಲ್ಲಿದ್ದ ಹುಡುಗ ರಸೀದಿಯಲ್ಲಿದ್ದ ಸಮಯ ನೋಡಿ, 'ಇನ್ನೂ ಟೈಮಿದೆ, ಈಗಲೇ ಹೋಗಿ' ಅಂದ. 2019ರ ಏಪ್ರಿಲ್‌ನಿಂದ ಅಲ್ಲಿ ಒಂದು ಕಾನೂನಿದೆ. 1000 ಯೂರೋವರೆಗಿನ ಹಣ ಬದಲಿಸಿದರೆ, ಮೂರು ಗಂಟೆಯೊಳಗೆ ಅದನ್ನು ರದ್ದು ಮಾಡಿಸಬಹುದು. ಕಾರಣ ಹೇಳಬೇಕಿಲ್ಲ. ರಸೀದಿ ಮತ್ತು ಅವರು ಕೊಟ್ಟ ಹಣ ಎರಡನ್ನೂ ಒಯ್ದರೆ ಸಾಕು. ಈ ಅಂಗಡಿಗಳ ಮೇಲೆ ನಿಗಾ ಇಡುವುದು ಜೆಕ್ ನ್ಯಾಷನಲ್ ಬ್ಯಾಂಕ್. ನಾವು ವಾಪಸ್ ಹೋಗಿ ಆ ಬ್ಯಾಂಕಿನ ಹೆಸರೆತ್ತಿದ ಮೇಲೆ ಅದೇ ಹೆಂಗಸು ಒಂದೂ ಮಾತಾಡದೆ 200 ಯೂರೋ ಹಿಂದಕ್ಕೆ ಕೊಟ್ಟರು. ಈ ಕಾನೂನು ಗೊತ್ತಿಲ್ಲದ ಎಷ್ಟು ಜನ ಸುಮ್ನೆ ನಡೆದುಬಿಟ್ಟಿರಬಹುದು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ರಸೀದಿ ಎಸೆಯಬೇಡಿ. ನೋಟು ಕೊಡುವ ಮುಂಚೆ 'ನೂರು ಯೂರೋಗೆ ಕೈಗೆಷ್ಟು ಬರುತ್ತದೆ?' ಅಂತ ಕೇಳಿ, ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ರಸ್ತೆಯಲ್ಲಿ ಯಾರಾದರೂ ಬಂದು 'ನಾನು ಒಳ್ಳೆ ರೇಟು ಕೊಡ್ತೀನಿ' ಅಂದರೆ ನಿಲ್ಲಲೇಬೇಡಿ. ಇದು ಅಂಗಡಿಗಿಂತ ಕೆಟ್ಟದ್ದು, ಇಲ್ಲಿ ರಸೀದಿಯೂ ಇಲ್ಲ, ಕಾನೂನೂ ಇಲ್ಲ. ಬೆಲಾರುಸ್‌ನಲ್ಲಿ 2016ರಲ್ಲಿ ಹೊಸ ನೋಟು ಬಂದು ಹಳೆಯವು ಬೆಲೆ ಕಳೆದುಕೊಂಡವು. ಆ ಹಳೇ ರೂಬಲ್‌ಗಳನ್ನೇ ಕೊರುನಾ ಅಂತ ಪ್ರವಾಸಿಗರ ಕೈಗೆ ಹಾಕಿದ್ದಾರೆ. ಹೊಸಬರಿಗೆ ಎಲ್ಲ ನೋಟೂ ಒಂದೇ ಥರ ಕಾಣುತ್ತವೆ. 1000 ಕೊರುನಾ ನೋಟಿನಲ್ಲಿ ಇತಿಹಾಸಕಾರ ಪಲಾಟ್ಸ್ಕಿಯವರ ಗಡ್ಡದ ಮುಖ ಇರುತ್ತದೆ, 500ರಲ್ಲಿ ಲೇಖಕಿ ಬೊಝೆನಾ ನೆಮ್ಟ್ಸೋವಾ. ಹೊರಡುವ ಮುಂಚೆಯೇ ಫೋನಿನಲ್ಲಿ ಈ ಚಿತ್ರ ನೋಡಿಟ್ಟುಕೊಳ್ಳಿ.

ಎಟಿಎಂ ಕೂಡ ಹುಷಾರು. ನಮ್ಮ ಕಾರ್ಡು ಹಾಕಿದರೆ ಕೆಲವು ಮಷೀನುಗಳು 'ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಡಿತ, ಒಪ್ಪಿಗೆಯಾ?' ಅಂತ ಕೇಳುತ್ತವೆ. ರೂಪಾಯಿ ಲೆಕ್ಕ ಕಂಡ ಕೂಡಲೇ ಮನಸ್ಸಿಗೆ ನೆಮ್ಮದಿ ಅನ್ನಿಸುತ್ತದೆ, ಆದರೆ ಆ ರೇಟು ಮಷೀನಿನವರದ್ದು, ನಷ್ಟ ನಮಗೆ. ಬೇಡ ಅಂತ ಒತ್ತಿ. ಬೇಡ ಅಂದರೂ ಹಣ ಬರುತ್ತದೆ, ಕೊರುನಾ ಲೆಕ್ಕದಲ್ಲೇ ಕಡಿತವಾಗುತ್ತದೆ. ಸಾಧ್ಯವಾದಷ್ಟೂ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಹುಡುಕಿ. ಅಂಗಡಿಯ ಕಾರ್ಡ್ ಮಷೀನಿನಲ್ಲೂ ಕೊರುನಾವನ್ನೇ ಆರಿಸಿ. ಊರೊಳಗೆ ಹೆಚ್ಚಿನ ಕಡೆ ಕಾರ್ಡ್ ನಡೆಯುವುದರಿಂದ ಕೈಯಲ್ಲಿ ತುಂಬಾ ನಗದು ಬೇಕಾಗುವುದೇ ಇಲ್ಲ.

ಇನ್ನು ಕೆಲವು ಸಣ್ಣಪುಟ್ಟವು. ಸ್ಕ್ವೇರ್‌ನಲ್ಲಿ ಬೆಂಕಿಯ ಮೇಲೆ ಸುಡುವ ಹಂದಿ ಮಾಂಸಕ್ಕೆ ಬರೆದಿರುವ ಬೆಲೆ 100 ಗ್ರಾಂಗೆ. ಕೇಳದಿದ್ದರೆ ದಪ್ಪ ತುಂಡು ಕತ್ತರಿಸಿ ತೂಗಿ, ಮೂರು ನಾಲ್ಕು ಪಟ್ಟು ಕೇಳುತ್ತಾರೆ. ಮೆಟ್ರೋದಲ್ಲಿ ನಮ್ಮ ಮೆಟ್ರೋ ಥರ ಗೇಟಿಲ್ಲ, ಆದರೂ ಕಾಗದದ ಟಿಕೆಟನ್ನು ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ತಪಾಸಣೆಯವರು ಎಷ್ಟೋ ಸಲ ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. 1410ರ ಖಗೋಳ ಗಡಿಯಾರದ ಮುಂದೆ ಗಂಟೆ ಹೊಡೆಯುವಾಗ ಎಲ್ಲರ ಮುಖವೂ ಮೇಲಕ್ಕಿರುತ್ತದೆ. ಜೇಬುಗಳ್ಳರಿಗೆ ಅದೇ ಸಮಯ. ಬ್ಯಾಗು ಎದೆ ಮೇಲೆ ಹಾಕಿಕೊಳ್ಳಿ.

ಪ್ರಾಗ್ ಬಿಡುವ ಹಿಂದಿನ ದಿನ ಉಳಿದ ಕೊರುನಾ ಎಣಿಸಿ, ಊಟಕ್ಕೋ ಹೋಟೆಲ್ ಬಿಲ್ಲಿಗೋ ಕೊಟ್ಟು ಮುಗಿಸಿ. ಮತ್ತೆ ಯೂರೋ ಮಾಡಿಸಲು ಅದೇ ಅಂಗಡಿಗಳಿಗೆ ಹೋದರೆ ಎರಡನೇ ಸಲ ಕಳೆದುಕೊಳ್ಳುತ್ತೀರಿ.