ಹಳೇ ಸ್ವಿಫ್ಟ್ ಡೀಸೆಲ್, ಗ್ರ್ಯಾಂಡ್ ಐ10, ಸೆಲೆರಿಯೋ ಎಎಂಟಿ: ದೇವಿಮನೆ ಘಟ್ಟದಲ್ಲಿ ಯಾವುದು ಹೇಗೆ?

ಶಿರಸಿ, ಕುಮಟಾ ಕಡೆ ಹಳೇ ಕಾರು ಹುಡುಕುವವರ ಕಣ್ಣಿಗೆ ಬೀಳುವ ಮೂರು ಗಾಡಿಗಳನ್ನು ಇಲ್ಲಿ ಎದುರುಬದುರು ಇಟ್ಟಿದೆ. 2011ರಿಂದ 2017ರವರೆಗೆ ಬಂದ ಎರಡನೇ ತಲೆಮಾರಿನ ಸ್ವಿಫ್ಟ್ ಡೀಸೆಲ್, 2013ರಲ್ಲಿ ಬಂದ ಗ್ರ್ಯಾಂಡ್ ಐ10ರ 1.2 ಲೀಟರ್ ಪೆಟ್ರೋಲ್, 2014ರ ಮೊದಲ ಸೆಲೆರಿಯೋದ ಎಎಂಟಿ, ಅಂದರೆ ಕ್ಲಚ್ಚು, ಗೇರನ್ನು ಯಂತ್ರವೇ ನೋಡಿಕೊಳ್ಳುವ ಮಾದರಿ. ಓಡಿಸಿದ ದಾರಿ ಮೂರಕ್ಕೂ ಒಂದೇ: ಕುಮಟಾ ಪೇಟೆ, ಮಿರ್ಜಾನ್ ಕಡೆಯ ಹೆದ್ದಾರಿ 66, ಆಮೇಲೆ ಕತಗಾಲದಿಂದ ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿ ಬಂಡಲ, ಅಲ್ಲಿಂದ ವಾಪಸ್. ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿದರೆ ಸಾಕು ಅಂತ ಮಾರುವವರು ಹೇಳುತ್ತಾರೆ. ಸಾಲದು. ಸಪಾಟು ರಸ್ತೆಯಲ್ಲಿ ಮೂರೂ ಸೊಗಸಾಗಿಯೇ ಓಡುತ್ತವೆ. ಯಾವುದರ ಗುಣ ಏನು ಅನ್ನೋದು ಗೊತ್ತಾಗುವುದು ಘಟ್ಟದಲ್ಲಿ, ಅದರಲ್ಲೂ ಇಳಿಯುವಾಗ.

ಹೊರಡುವ ಮೊದಲು ಎರಡು ಕೆಲಸ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ತಣ್ಣಗಿರುವಾಗಿನ ತೊಂದರೆ ಕಾಣದು, ಇನ್ನೊಂದು ದಿನ ಬೆಳಿಗ್ಗೆ ಬನ್ನಿ. ಆಮೇಲೆ ನಾಲ್ಕೂ ಟೈರಿನ ಗಾಳಿಯನ್ನು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇದ್ದಷ್ಟಕ್ಕೆ ಸರಿಮಾಡಿಸಿ. ಒಂದು ಕಡೆ ಗಾಳಿ ಕಮ್ಮಿ ಇದ್ದರೂ ಕಾರು ಆ ಕಡೆಗೆ ಎಳೆಯುತ್ತದೆ, ನೀವು ಸುಮ್ಮನೆ ಅಲೈನ್‌ಮೆಂಟನ್ನು ಬೈಯುತ್ತೀರಿ. ಟೈರಿನ ಮೇಲಿನ ನಾಲ್ಕಂಕಿಯನ್ನೂ ಓದಿ: 2319 ಅಂದರೆ 2019ರ 23ನೇ ವಾರದ್ದು.

ಹತ್ತುವಾಗಿನ ಮಾತು ಮೊದಲು. ಸ್ವಿಫ್ಟಿನ 1248 ಸಿಸಿ ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲಿ 190 ಎನ್‌ಎಂ ಟಾರ್ಕ್, ಅಂದರೆ ಗಾಲಿ ತಿರುಗಿಸುವ ಎಳೆತ, ಕೊಡುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿದ್ದರೂ ಮೂರನೇ ಗೇರಿನಲ್ಲಿ ಸಲೀಸಾಗಿ ಏರುತ್ತದೆ. ಆದರೆ 1800ರ ಕೆಳಗೆ ಇಳಿದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಮಲಗಿಬಿಡುತ್ತದೆ. ಹೇರ್‌ಪಿನ್ ತಿರುವಿಗೆ ಮೊದಲೇ ಎರಡನೇ ಗೇರಿಗೆ ಬರದಿದ್ದರೆ ತಿರುವಿನ ನಡುವೆ ಎಂಜಿನ್ ಗೊರಗೊರ ಅಂದು, ಹಿಂದೆ ಲಾರಿ ಇರುವಾಗ ಒಂದನೇ ಗೇರು ಹುಡುಕಬೇಕಾಗುತ್ತದೆ. ಇದು ಈ ಎಂಜಿನ್ನಿನ ಸ್ವಭಾವ, ದೋಷ ಅಲ್ಲ. 2000 ದಾಟಿದ ಮೇಲೂ ಎಳೆತ ಬಾರದೆ ಹಿಂದಿನಿಂದ ಕಪ್ಪು ಹೊಗೆ ಬಂದರೆ ಅದು ದೋಷ: ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪು ಬಿರುಕು ಬಿಟ್ಟಿರಬಹುದು, ಅದು ಸಣ್ಣ ಖರ್ಚು. ನೀಲಿ ಹೊಗೆಯ ಜೊತೆ ಸೈರನ್ನಿನಂಥ ಕೂಗು ಕೇಳಿದರೆ ಟರ್ಬೊನೇ ಹೋಗುತ್ತಿದೆ, ಅದು ದೊಡ್ಡ ಖರ್ಚು.

ಗ್ರ್ಯಾಂಡ್ ಐ10ರ ಪೆಟ್ರೋಲ್ ಎಂಜಿನ್ನಿಗೆ 114 ಎನ್‌ಎಂ ಅಷ್ಟೇ, ಅದೂ 4000 ಆರ್‌ಪಿಎಂನಲ್ಲಿ. ತುಂಬಿದ ಗಾಡಿಯನ್ನು ಎರಡನೇ ಗೇರಿನಲ್ಲಿ ಎಳೆದಾಡಿಸಬೇಕು, ಓವರ್‌ಟೇಕ್ ಮಾಡುವಾಗ ಎಸಿ ಆರಿಸುವುದೇ ಒಳ್ಳೆಯದು. ಆದರೂ ಇದರಲ್ಲಿ ನನಗೆ ಹಿಡಿಸುವುದು ಒಂದು ಗುಣ: ಎಷ್ಟು ಒತ್ತಿದರೆ ಎಷ್ಟು ಬರುತ್ತದೆ ಅನ್ನುವುದು ಕಾಲಿಗೆ ಸದಾ ಗೊತ್ತಿರುತ್ತದೆ. ಹೊಸದಾಗಿ ಘಟ್ಟ ಓಡಿಸಲು ಕಲಿಯುವವರಿಗೆ ಸ್ವಿಫ್ಟಿಗಿಂತ ಇದೇ ವಾಸಿ.

ಈ ಎರಡರಲ್ಲೂ ಕ್ಲಚ್ ನೋಡುವ ಜಾಗ ಏರುದಾರಿಯೇ. ಮೂರನೇ ಗೇರಿನಲ್ಲಿ, 40ರ ವೇಗದಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಅಲ್ಲೇ ಉಳಿದರೆ ಕ್ಲಚ್ ಪ್ಲೇಟು ಸವೆದಿದೆ. ಸಪಾಟು ರಸ್ತೆಯಲ್ಲಿ ಇದು ಬಯಲಾಗುವುದೇ ಇಲ್ಲ.

ಸೆಲೆರಿಯೋ ಎಎಂಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಟೋಮ್ಯಾಟಿಕ್ ಅಂತ ನೆಚ್ಚಿ ಕೊಳ್ಳುವವರು ಹೆಚ್ಚು. ಇದರೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಒತ್ತುವ ಕೆಲಸ ಮಾತ್ರ ನಿಮ್ಮ ಕಾಲಿನ ಬದಲು ಯಂತ್ರ ಮಾಡುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಸಣ್ಣಗೆ ಮುಂದಕ್ಕೆ ವಾಲುವುದು ಸಹಜ. ದಡಕ್ ಅಂತ ಜಗ್ಗಿದರೆ, ರಿವರ್ಸ್‌ನಲ್ಲಿ ನಡುಗಿದರೆ ಕ್ಲಚ್ ಮುಗಿಯುತ್ತ ಬಂದಿದೆ. ಏರಿನಲ್ಲಿ ಡಿ ಯಲ್ಲೇ (ಗೇರನ್ನು ಯಂತ್ರವೇ ಆರಿಸುವ ಸ್ಥಾನ) ಬಿಟ್ಟರೆ ತಿರುವಿನ ನಡುವೆ ಮೇಲಿನ ಗೇರಿಗೆ ಹಾರಿ, ಒಂದು ಕ್ಷಣ ಎಳೆತ ನಿಂತು, ಮತ್ತೆ ಕೆಳಗೆ ಬರುತ್ತದೆ. ದೇವಿಮನೆಯಲ್ಲಿ ಎಂ ಗೆ (ಗೇರನ್ನು ನಾವೇ ಆರಿಸುವ ಸ್ಥಾನ) ಹಾಕಿ ಎರಡರಲ್ಲಿ ಹಿಡಿದರೆ ಈ ತಾಪತ್ರಯವೇ ಇಲ್ಲ.

ಇದರ ನಿಜವಾದ ತೊಡಕು ಮನೆ ದಾರಿಯಲ್ಲಿ. ಶಿರಸಿ, ಸಿದ್ದಾಪುರದ ಎಷ್ಟೋ ಮನೆಗಳು ತೋಟದ ತಲೆಯಲ್ಲಿ, ಕಡಿದಾದ ಮಣ್ಣುದಾರಿಯ ಬುಡದಲ್ಲಿ ಇವೆ. ಈ ಮಾದರಿಯಲ್ಲಿ ಹಿಲ್ ಹೋಲ್ಡ್, ಅಂದರೆ ಏರಿನಲ್ಲಿ ಗಾಡಿಯನ್ನು ಒಂದು ಕ್ಷಣ ತಾನಾಗಿ ತಡೆದಿಡುವ ಸೌಕರ್ಯ, ಇಲ್ಲ. ಬ್ರೇಕು ಬಿಟ್ಟೊಡನೆ ಗಾಡಿ ಹಿಂದೆ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಎಕ್ಸಿಲರೇಟರ್ ಮೆಲ್ಲಗೆ ಒತ್ತಿ, ಮೂತಿ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಬೇಕು. ಎಕ್ಸಿಲರೇಟರ್ ಮೇಲೆಯೇ ಗಾಡಿಯನ್ನು ಏರಿನಲ್ಲಿ ತಡೆದು ನಿಲ್ಲಿಸುತ್ತ ಬಂದವರ ಕಾರಾಗಿದ್ದರೆ ಕ್ಲಚ್ ಆಗಲೇ ಸುಟ್ಟಿರುತ್ತದೆ. ಕೊಳ್ಳುವ ಮುಂಚೆ ಸ್ಕ್ಯಾನರ್ ಹಾಕಿಸಿ ಕ್ಲಚ್ಚಿನ ಸ್ಥಿತಿ ನೋಡಿಸಿ. ಆಗೋದಿಲ್ಲ ಅಂದರೆ ಆ ಗಾಡಿ ಬೇಡ. ಇದರಲ್ಲಿ ಪಾರ್ಕ್ ಗೇರೂ ಇಲ್ಲ, ಆದ್ದರಿಂದ ಹ್ಯಾಂಡ್‌ಬ್ರೇಕ್ ಗಟ್ಟಿ ಇರಲೇಬೇಕು.

ಈಗ ಇಳುಕಲು. ಬಂಡಲದಿಂದ ಕೆಳಗೆ ಬರುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಅದರಲ್ಲೇ ಇಳಿಸಿ. ಸ್ವಿಫ್ಟ್ ಡೀಸೆಲ್ ತೂಕ ಸಾವಿರ ಕಿಲೋ ದಾಟುತ್ತದೆ, ಭಾರವೆಲ್ಲ ಮೂತಿಯಲ್ಲಿ. ಹಾಗಾಗಿ ಘಟ್ಟ ಓಡಾಡಿದ ಸ್ವಿಫ್ಟಿನಲ್ಲಿ ಮುಂದಿನ ಡಿಸ್ಕೂ ಗಾಲಿಯನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಷ್ಷೂ ಬೇಗ ಸವೆದಿರುತ್ತವೆ. ಬ್ರೇಕು ಒತ್ತಿದಾಗ ಸ್ಟೇರಿಂಗ್ ಗಡಗಡ ಅಂದರೆ ಡಿಸ್ಕ್ ಸೊಟ್ಟಗಾಗಿದೆ. ಇದೂ ಅಷ್ಟೇ, ಬಿಸಿಯಾದ ಮೇಲೆಯೇ ಚೆನ್ನಾಗಿ ಗೊತ್ತಾಗುತ್ತದೆ. ಪೆಡಲ್ ಸ್ಪಂಜಿನ ಹಾಗೆ ಒಳಗಿಳಿದರೆ ಬ್ರೇಕ್ ಆಯಿಲ್ ನೀರು ಹೀರಿಕೊಂಡಿದೆ. ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ಇದು ಆಗಿಯೇ ಆಗುತ್ತದೆ. ಸೆಲೆರಿಯೋವನ್ನು ಡಿ ಯಲ್ಲಿ ಇಳಿಸಿದರೆ ಮೇಲಿನ ಗೇರಿನಲ್ಲಿ ತೇಲುತ್ತ, ಎಲ್ಲ ಭಾರವನ್ನೂ ಬ್ರೇಕಿನ ಮೇಲೆ ಹಾಕುತ್ತದೆ. ಇಲ್ಲಿಯೂ ಎಂ, ಎರಡು.

ತಿರುವಿನಲ್ಲಿ ಸ್ವಿಫ್ಟಿನ ಹಿಡಿತ ಮೂರರಲ್ಲಿ ಎಲ್ಲಕ್ಕಿಂತ ಮೇಲು, ಆದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದು ನಿಧಾನ, ಕೈಯಿಂದ ತರಬೇಕು. ಗ್ರ್ಯಾಂಡ್ ಐ10ರದ್ದು ಹೂವಿನಷ್ಟು ಹಗುರ. ಪೇಟೆಯಲ್ಲಿ ಅದು ಸುಖ. ಅಘನಾಶಿನಿ ಸೇತುವೆಯ ಮೇಲೆ ಗಾಳಿ ಬೀಸುವಾಗ 80ರಲ್ಲಿ ಎರಡೂ ಕೈ ಬೇಕು. ನಿಂತಲ್ಲೇ ಸ್ಟೇರಿಂಗನ್ನು ಆಚೀಚೆ ಅಲ್ಲಾಡಿಸಿದಾಗ ಕಾಲಂನೊಳಗೆ ಟಿಕ್ ಟಿಕ್ ಅಂದರೆ ಸ್ಟೇರಿಂಗ್ ಮೋಟಾರಿನ ರಬ್ಬರ್ ಕಪ್ಲರ್ ಸವೆದಿದೆ, ಬೆದರಬೇಕಾದ್ದಲ್ಲ.

ಮೂರಕ್ಕೂ ಸಲ್ಲುವ ಪರೀಕ್ಷೆಗಳು: ಬಯಲಿನಲ್ಲಿ ಪೂರ್ತಿ ತಿರುಗಿಸಿ ಸುತ್ತು ಹಾಕಿ, ಟಕಟಕ ಬಂದರೆ ಆಕ್ಸಲ್ಲಿನ ಹೊರ ಜಾಯಿಂಟ್. ವೇಗದ ಜೊತೆ ಏರುವ ಗುಂಯ್ ಸದ್ದು ಎಡ ತಿರುವಿನಲ್ಲಿ ಜೋರಾದರೆ ಬಲಗಾಲಿಯ ಬೇರಿಂಗ್. ಹೊಂಡದ ರಸ್ತೆಯಲ್ಲಿ 20ರಲ್ಲಿ ಕಟಕಟ ಅಂದರೆ ಮೊದಲು ಸಸ್ಪೆನ್ಶನ್ನಿನ ಲಿಂಕ್ ರಾಡ್ ನೋಡಿಸಿ.

ಘಟ್ಟ ಹತ್ತಿಳಿಯುವುದು ದಿನದ ಕೆಲಸವಾದರೆ ಸ್ವಿಫ್ಟ್ ತೆಗೆದುಕೊಳ್ಳಿ. ಕಾರವಾರ, ಅಂಕೋಲಾದ ಪೇಟೆ ಓಡಾಟ, ತಿಂಗಳಿಗೊಮ್ಮೆ ಘಟ್ಟ ಅಂದರೆ ಗ್ರ್ಯಾಂಡ್ ಐ10. ಮಂಡಿ ನೋವಿನವರಿಗೆ, ಸಪಾಟು ಅಂಗಳ ಇರುವ ಮನೆಗೆ ಸೆಲೆರಿಯೋ.

ಯಾವುದನ್ನೇ ಆರಿಸಿದರೂ, ಸಮುದ್ರದಂಡೆಯಲ್ಲಿ ನಿಂತ ಕಾರಾದರೆ ರ‍್ಯಾಂಪಿಗೆ ಏರಿಸದೆ ಮುಂಗಡ ಕೊಡಬೇಡಿ. ಬ್ರೇಕ್ ಪೈಪು, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಕಂಬ) ಕೂರುವ ಜಾಗ, ಸ್ಟೆಪ್ನಿಯ ಗುಂಡಿ, ಇವನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಹೊಸ ಕಪ್ಪು ಬಣ್ಣದ ಕೆಳಗೆ ಮೆತ್ತಗೆ ಸದ್ದು ಬಂದರೆ ಉಪ್ಪು ತಗಡನ್ನು ತಿಂದಿದೆ. ಬುಷ್, ಡಿಸ್ಕ್, ಕ್ಲಚ್ ಬದಲಿಸಬಹುದು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಸ್ಟ್ರಟ್ ಕೂರುವ ಜಾಗ ತುಕ್ಕು ಹಿಡಿದಿದ್ದರೆ ಎಷ್ಟು ಇಳಿಸಿದರೂ ಬೇಡ.