ಮಾಮ್, ಓ. ಹೆನ್ರಿ, ಟಾಗೋರ್: ಯಾರ ಕಥೆಗಳು ಸಿನಿಮಾದಲ್ಲಿ ಚೆನ್ನಾಗಿ ಬಂದಿವೆ?

ಒಬ್ಬನೇ ಲೇಖಕನ ನಾಲ್ಕಾರು ಸಣ್ಣಕಥೆಗಳನ್ನು ಒಂದೇ ಸಿನಿಮಾದಲ್ಲಿ ಪೋಣಿಸಿದ ಹಳೆಯ ಚಿತ್ರಗಳ ಹುಚ್ಚು ನನಗೆ ಈಚೆಗೆ ಹಿಡಿದಿದೆ. ಮೂರನ್ನು ಒಂದಾದ ಮೇಲೊಂದು ನೋಡಿದೆ: ಇಂಗ್ಲಿಷ್ ಲೇಖಕ ಸಾಮರ್‌ಸೆಟ್ ಮಾಮ್ ಕಥೆಗಳ ‘ಕ್ವಾರ್ಟೆಟ್’ (1948), ಅಮೆರಿಕದ ಓ. ಹೆನ್ರಿ ಕಥೆಗಳ ‘ಓ. ಹೆನ್ರೀಸ್ ಫುಲ್ ಹೌಸ್’ (1952), ಟಾಗೋರರ ಕಥೆಗಳನ್ನು ಆಧರಿಸಿ ಸತ್ಯಜಿತ್ ರೇ ತೆಗೆದ ‘ತೀನ್ ಕನ್ಯಾ’ (1961). ಹಿಂದಿನ ರಾತ್ರಿ ಕಥೆ ಓದುವುದು, ಮರುದಿನ ಸಿನಿಮಾ ಹಾಕುವುದು. ಹೀಗೆ ನೋಡಿದರೆ ಒಂದು ಫಜೀತಿ ಇದೆ. ಕಥೆಯ ಕೊನೆ ಇನ್ನೂ ತಲೆಯಲ್ಲೇ ಇರುತ್ತದೆ. ಸಿನಿಮಾದವರು ಅದನ್ನು ಏನು ಮಾಡಿದರು ಅನ್ನುವುದರ ಮೇಲೇ ಕಣ್ಣು.

‘ಕ್ವಾರ್ಟೆಟ್’ನಲ್ಲಿ ಮಾಮ್ ಖುದ್ದಾಗಿ ಬಂದು ಕೂರುತ್ತಾನೆ. ವಿಮರ್ಶಕರು ತನ್ನನ್ನು ಒಂದೊಂದು ವಯಸ್ಸಿನಲ್ಲಿ ಒಂದೊಂದು ಥರ ಬೈದದ್ದನ್ನು ಆರಾಮಾಗಿ ಹೇಳುತ್ತಾನೆ. ಬರೆದವನೇ ಎದುರಿಗಿದ್ದಾನೆ, ಇನ್ನು ಕಥೆಗೆ ಯಾರು ಕೈ ಹಾಕುತ್ತಾರೆ ಅಂದುಕೊಂಡೆ. ಹಾಕಿದ್ದಾರೆ!

‘ದಿ ಕೈಟ್’ ನೋಡಿ. ಗಾಳಿಪಟದ ಹುಚ್ಚಿನ ಗಂಡ, ಅದನ್ನು ಒಡೆದು ಹಾಕುವ ಹೆಂಡತಿ. ಕಥೆಯಲ್ಲಿ ಅವನು ಅವಳಿಗೆ ಜೀವನಾಂಶ ಕೊಡುವ ಬದಲು ಜೈಲೇ ವಾಸಿ ಅಂತ ಕೂರುತ್ತಾನೆ. ಸಿನಿಮಾದಲ್ಲಿ ಅವಳೇ ಗಾಳಿಪಟ ಹಾರಿಸುತ್ತಾ ನಿಂತಿರುತ್ತಾಳೆ, ಎಲ್ಲ ಸರಿಹೋಗುತ್ತದೆ. ‘ದಿ ಕರ್ನಲ್ಸ್ ಲೇಡಿ’ಯದು ಇನ್ನೂ ಬೇಜಾರು. ಮಂಕಾಗಿ ಕಾಣುವ ಹೆಂಡತಿ ಒಂದು ಗುಪ್ತ ಪ್ರೇಮದ ಮೇಲೆ ಕವಿತೆ ಬರೆದು ಹೆಸರು ಮಾಡುತ್ತಾಳೆ. ಕಥೆ ಮುಗಿಯುವಾಗಲೂ ಕರ್ನಲ್‌ನ ತಲೆಬಿಸಿ ಒಂದೇ: ಆ ಮನುಷ್ಯ ಇವಳಲ್ಲಿ ಅಂಥದ್ದೇನು ಕಂಡ? ಒಂದೇ ಪೆಟ್ಟಿಗೆ ಅವನ ಬಣ್ಣವೆಲ್ಲ ಬಯಲು. ಸಿನಿಮಾದಲ್ಲಿ ಮಾತ್ರ ಆ ಪ್ರೇಮಿ ಬೇರೆ ಯಾರೂ ಅಲ್ಲ, ಹರೆಯದ ನೀನೇ ಅಂತ ಅವಳು ಗಂಡನಿಗೆ ಹೇಳಿಬಿಡುತ್ತಾಳೆ. ನೋಡುವಾಗ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಅರ್ಧ ಗಂಟೆ ಕಳೆದ ಮೇಲೆ ಸಿಟ್ಟು ಬಂತು. ಮಾಮ್ ಕೊಟ್ಟಿದ್ದ ಮುಳ್ಳನ್ನು ಇವರು ಕಿತ್ತು ಹೂ ಇಟ್ಟಿದ್ದಾರೆ.

ಅಷ್ಟಾದರೂ ‘ಕ್ವಾರ್ಟೆಟ್’ ಸುಮ್ನೆ ಕೂತು ನೋಡಲು ಬಲು ಹಿತ. ಮಾಂಟೆ ಕಾರ್ಲೋಗೆ ಹೋದ ಹುಡುಗ ಅಪ್ಪನ ಮೂರೂ ಬುದ್ಧಿಮಾತು ಮೀರಿ ಜೇಬು ತುಂಬಿಸಿಕೊಂಡು ಬರುವ ಮೊದಲ ಕಥೆ ಈಗಲೂ ನಗಿಸುತ್ತದೆ. ಇದು ಓಡಿದ್ದಕ್ಕೇ ‘ಟ್ರಿಯೋ’ (1950), ‘ಎನ್‌ಕೋರ್’ (1951) ಕೂಡ ಬಂದವು.

‘ಫುಲ್ ಹೌಸ್’ ಬೇರೆ ಜಾತಿ. ಓ. ಹೆನ್ರಿ 1910ರಲ್ಲೇ ತೀರಿಕೊಂಡಿದ್ದ. ಅವನ ಜಾಗದಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಕೂತು ಕಥೆಗಳನ್ನು ಪರಿಚಯಿಸುತ್ತಾನೆ. ಐದು ಕಥೆ, ಐದು ನಿರ್ದೇಶಕರು. ಕೊನೆಗಳನ್ನು ಇವರು ಉಳಿಸಿಕೊಂಡಿದ್ದಾರೆ, ಆದರೆ ಉಳಿಸಿಕೊಂಡೂ ಏನೂ ಗಿಟ್ಟಿಲ್ಲ. ಓ. ಹೆನ್ರಿಯ ತಿರುವು ಗೊತ್ತಿದ್ದವರಿಗೆ ಅಲ್ಲಿಯವರೆಗಿನ ದಾರಿಯಲ್ಲಿ ಏನಾದರೂ ಸಿಗಬೇಕಲ್ವಾ? ಕೂದಲು ಮಾರಿ ಗಡಿಯಾರದ ಸರಪಳಿ ತರುವ ಹೆಂಡತಿಯ ಕಥೆಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಹೊವರ್ಡ್ ಹಾಕ್ಸ್ ತೆಗೆದ ‘ರೆಡ್ ಚೀಫ್’ ತುಣುಕನ್ನು ಒಮ್ಮೆ ಸಿನಿಮಾದಿಂದಲೇ ತೆಗೆದುಹಾಕಿದ್ದರಂತೆ. ಯಾಕೆ ಅಂತ ನೋಡಿದಾಗ ಗೊತ್ತಾಯಿತು.

ಇದರಲ್ಲಿ ಒಂದೇ ಒಂದು ಕಡೆ ನಾನು ಎದ್ದು ಕೂತೆ. ‘ದಿ ಕಾಪ್ ಅಂಡ್ ದಿ ಆಂಥೆಮ್’. ಚಳಿಗಾಲಕ್ಕೆ ಜೈಲು ಸೇರಬೇಕು ಅಂತ ಒದ್ದಾಡುವ ಅಲೆಮಾರಿಯಾಗಿ ಚಾರ್ಲ್ಸ್ ಲಾಟನ್. ಬೀದಿಯಲ್ಲಿ ನಿಂತ ಹೆಣ್ಣೊಬ್ಬಳನ್ನು ಕೆಣಕಿ ಪೊಲೀಸರ ಕೈಗೆ ಸಿಕ್ಕಿಬೀಳಲು ನೋಡುತ್ತಾನೆ. ಕಥೆಯಲ್ಲಿ ಅವಳು ಖುಷಿಯಾಗಿ ಅಂಟಿಕೊಳ್ಳುತ್ತಾಳೆ, ಇವನು ತಪ್ಪಿಸಿಕೊಂಡು ಓಡುತ್ತಾನೆ. ಬರೀ ತಮಾಷೆ. ಸಿನಿಮಾದಲ್ಲಿ ಕೈಯಲ್ಲಿದ್ದ ಛತ್ರಿಯನ್ನು ಅವಳಿಗೆ ಕೊಟ್ಟು, ದೊಡ್ಡ ಮನೆತನದ ಹೆಣ್ಣಿನ ಹತ್ತಿರ ಮಾತಾಡಿದ ಹಾಗೆ ಮಾತಾಡಿ ಹೋಗುತ್ತಾನೆ. ಅವಳು ಮರ್ಲಿನ್ ಮನ್ರೋ. ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ತನ್ನನ್ನು ‘ಲೇಡಿ’ ಅಂದನಲ್ಲ ಅಂತ ಅಳುತ್ತಾಳೆ. ಓ. ಹೆನ್ರಿ ಬರೆಯದ ಈ ಅಳುವೇ ಇಡೀ ಸಿನಿಮಾದಲ್ಲಿ ನನಗೆ ಉಳಿದದ್ದು.

‘ತೀನ್ ಕನ್ಯಾ’ಕ್ಕೆ ಬರೋಣ. ಟಾಗೋರರ ಜನ್ಮಶತಮಾನೋತ್ಸವದ ವರ್ಷ ತೆಗೆದದ್ದು, ರೇ ತಾವೇ ಸಂಗೀತ ಕೊಟ್ಟ ಮೊದಲ ಸಿನಿಮಾ. ಇಲ್ಲಿ ನಡುವೆ ಬಂದು ಪರಿಚಯ ಮಾಡಿಸುವವರು ಯಾರೂ ಇಲ್ಲ. ‘ಪೋಸ್ಟ್‌ಮಾಸ್ಟರ್’ ಕಥೆಯಲ್ಲಿ ಊರು ಬಿಟ್ಟು ಹೊರಟ ಪೋಸ್ಟ್‌ಮಾಸ್ಟರ್ ಬಾಬುವಿನ ಕಾಲಿಗೆ ಕೆಲಸದ ಹುಡುಗಿ ರತನ್ ಬಿದ್ದು ಅಳುತ್ತಾಳೆ, ಕೊಟ್ಟ ದುಡ್ಡು ಬೇಡ ಅನ್ನುತ್ತಾಳೆ. ದೋಣಿ ಹೊರಟ ಮೇಲೆ ಬಾಬುಗೆ ವಾಪಸ್ ಹೋಗೋಣ ಅನ್ನಿಸುತ್ತದೆ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿರುತ್ತದೆ. ಅವನು ತತ್ವ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಾನೆ. ರೇ ದೋಣಿ ತೆಗೆದರು, ತತ್ವ ತೆಗೆದರು, ಕಾಲಿಗೆ ಬೀಳುವುದನ್ನೂ ತೆಗೆದರು. ಬಾಬು ಕೈಯಲ್ಲಿ ನಾಣ್ಯ ಹಿಡಿದು ನಿಂತಿದ್ದಾನೆ. ರತನ್ ಬಕೆಟ್ ಹಿಡಿದು ಅವನನ್ನು ದಾಟಿ ಹೋಗುತ್ತಾಳೆ. ಹೊಸ ಪೋಸ್ಟ್‌ಮಾಸ್ಟರ್‌ಗೆ ನೀರು ತಂದಿದ್ದೇನೆ ಅನ್ನುವ ಅವಳ ದನಿಯಷ್ಟೇ ಕೇಳುತ್ತದೆ. ನಾಣ್ಯ ಜೇಬಿಗೆ ವಾಪಸ್.

ಅಮ್ಮನಿಗೆ ಬಂಗಾಳಿ ಬರುವುದಿಲ್ಲ, ಸಬ್‌ಟೈಟಲ್ ಓದುವ ತಾಳ್ಮೆಯೂ ಇಲ್ಲ. ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಿ, “ಜೊಲ್ ಅಂದಳಲ್ಲ, ನೀರಾ?” ಅಂದರು. ಹೌದು ಅಂದೆ. “ಅವನಿಗಲ್ಲ ಅಲ್ವಾ?” ಅಂದರು.

‘ಕ್ವಾರ್ಟೆಟ್’ನವರು ಕೊನೆಯನ್ನು ಬದಲಿಸಿದ್ದು ನಮಗೆ ನೋವಾಗದಿರಲಿ ಅಂತ. ರೇ ಬದಲಿಸಿದ್ದು ನೋವನ್ನು ಇನ್ನೂ ಬಿಗಿ ಮಾಡಲು. ಅದಕ್ಕೇ ನನ್ನ ಓಟು ‘ತೀನ್ ಕನ್ಯಾ’ಗೆ. ‘ಸಮಾಪ್ತಿ’ಯಲ್ಲಿ ಮದುವೆಯಾದ ರಾತ್ರಿಯೇ ಮರ ಇಳಿದು ಓಡಿ ಉಯ್ಯಾಲೆ ಆಡುವ ಅಪರ್ಣಾ ಸೇನ್ ಅವರನ್ನು ನೋಡಿದರೆ ಆ ಓಟು ಇನ್ನೂ ಗಟ್ಟಿ. ಅದು ಅವರ ಮೊದಲ ಸಿನಿಮಾ, ನಂಬುವುದು ಕಷ್ಟ. ಹಾಗಂತ ಎಲ್ಲವೂ ಸಮ ಅಲ್ಲ. ದೆವ್ವದ ಕಥೆ ‘ಮಣಿಹಾರ’ ನನಗೆ ಎಳೆದಂತೆ ಅನ್ನಿಸಿತು. ದಣಿದು ಬಂದ ಸಂಜೆಗಾದರೆ ‘ಕ್ವಾರ್ಟೆಟ್’ ಹಾಕಿ. ‘ಫುಲ್ ಹೌಸ್’ನಲ್ಲಿ ಲಾಟನ್ ಭಾಗ ನೋಡಿ ಎದ್ದರೂ ನಷ್ಟವಿಲ್ಲ.

ಒಂದು ಎಚ್ಚರ. ಮೊದಲ ಸಲ ನನಗೆ ಸಿಕ್ಕಿದ್ದು ‘ಟೂ ಡಾಟರ್ಸ್’ ಅನ್ನುವ ಹೆಸರಿನದು. ಹೊರದೇಶಗಳಿಗೆ ಕಳಿಸುವಾಗ ‘ಮಣಿಹಾರ’ವನ್ನು ಬಿಟ್ಟು ಮಾಡಿದ ಪ್ರತಿ ಅದು. ಮೂರನೇ ಹುಡುಗಿ ಎಲ್ಲಿ ಅಂತ ಕೊನೆಯವರೆಗೂ ಕಾದೆ. ಪೂರ್ತಿ ಸಿನಿಮಾ ಹತ್ತಿರಹತ್ತಿರ ಮೂರು ಗಂಟೆ ಇದೆ. ಬಳೆ ತೊಟ್ಟ ಮೂಳೆ ಕೈಯೊಂದು ಒಡವೆ ಪೆಟ್ಟಿಗೆಗೆ ಬಾಯಿ ಹಾಕಿದ ಹಾಗೆ ಎರಗದಿದ್ದರೆ, ನೀವು ನೋಡಿದ್ದು ಕತ್ತರಿಸಿದ ಪ್ರತಿ.