ಲಕ್ಕಿ ಡ್ರಾ ಚೀಟಿಯಲ್ಲಿ ಇಮೇಲ್ ವಿಳಾಸ ಬರೆಯುವ ಮುನ್ನ

ಗೋಣಿಕೊಪ್ಪಲಿನಲ್ಲಿ ಯಂತ್ರಗಳ ಪ್ರದರ್ಶನಕ್ಕೆ ಹೋಗುವವರು, ವೀಡ್ ಕಟರ್ ಮಾರುವ ಮಳಿಗೆಯವರು ಲಕ್ಕಿ ಡ್ರಾ ಚೀಟಿ ಕೊಟ್ಟರೆ ಅದರಲ್ಲಿ ಇಮೇಲ್ ವಿಳಾಸವನ್ನು ದಯವಿಟ್ಟು ಬರೆಯಬೇಡಿ. ಬರೆದು ನಾನು ಕೆಟ್ಟಿದ್ದೇನೆ. ಬರೆದ ಮೇಲೆ ಮಾಡಿದ ಮೂರ್ಖತನದಿಂದ ಇನ್ನಷ್ಟು ಕೆಟ್ಟಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ.

ಕಕ್ಕಬ್ಬೆಯ ಬಳಿ ನಮ್ಮ ಕಾಫಿ ತೋಟದೊಳಗೆ ಮೂರು ಕೋಣೆಗಳ ಹೋಂಸ್ಟೇ ಇದೆ, ಅದರ ಬುಕಿಂಗ್ ಎಲ್ಲವೂ ಇಮೇಲಿನಲ್ಲೇ ನಡೆಯುತ್ತದೆ. ಅಂದು ಚೀಟಿ ತುಂಬಿದವಳು ಮಗಳು. ಜಿಮೇಲ್ ವಿಳಾಸದಲ್ಲಿ ನನ್ನ ಹೆಸರಾದ ಮೇಲೆ, ಅಟ್ ಚಿಹ್ನೆಗೆ ಮೊದಲು, ಒಂದು ಪ್ಲಸ್ ಗುರುತು ಹಾಕಿ ‘ಮೇಳ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದಳು. ಹಾಗೆ ಬರೆದರೂ ಪತ್ರ ನಮಗೇ ಬರುತ್ತದೆ, ವಿಳಾಸ ಸೋರಿದರೆ ಯಾರಿಂದ ಸೋರಿತೆಂದು ತಿಳಿಯುತ್ತದೆ ಎಂದಳು. ನಾನು ನಕ್ಕಿದ್ದೆ.

ಹದಿನೈದು ದಿನಗಳಲ್ಲಿ ಸಾಲ, ಷೇರು, ಕೂದಲು ಬೆಳೆಸುವ ಎಣ್ಣೆ, ಹೀಗೆ ಕಸದ ಪತ್ರಗಳು ಸುರಿಯತೊಡಗಿದವು. ಪ್ರತಿಯೊಂದೂ ಆ ಪ್ಲಸ್ ಗುರುತಿನ ವಿಳಾಸಕ್ಕೇ ಬಂದಿತ್ತು. ಮಳಿಗೆಯವರಿಗೆ ಫೋನ್ ಮಾಡಿದೆ. “ನಾವು ಯಾರಿಗೂ ಪಟ್ಟಿ ಕೊಡುವುದಿಲ್ಲ ಸರ್, ನಿಮ್ಮ ಮೊಬೈಲಿನಿಂದಲೇ ಹೋಗಿರಬೇಕು” ಎಂದರು. ಪ್ಲಸ್ ಗುರುತಿನ ವಿಷಯ ತಿಳಿಸಿದ ಕೂಡಲೇ ಮಾತು ಬದಲಾಯಿತು: “ಚೀಟಿಯ ಹಿಂಬದಿ ಓದಲಿಲ್ಲವೇ ಸರ್? ಒಪ್ಪಿಗೆ ಇದೆ, ಸಹಿ ನಿಮ್ಮದೇ. ಬೇಡವೆಂದರೆ ಪತ್ರದ ಕೆಳಗೆ ಅನ್‌ಸಬ್‌ಸ್ಕ್ರೈಬ್ ಇರುತ್ತದಲ್ಲ, ಒತ್ತಿ.”

ಒತ್ತಿದೆ. ಸಾಲದ ಪತ್ರವೊಂದರ ಕೆಳಗೆ ಒತ್ತಿದಾಗ ತೆರೆದ ಪುಟವು, ಹೆಸರು ತೆಗೆಯಲು ಇಮೇಲ್ ವಿಳಾಸವನ್ನು ಖಚಿತಪಡಿಸಿ ಎಂದು ಕೇಳಿತು. ನಾನು ಪ್ಲಸ್ ಗುರುತಿಲ್ಲದ, ಬುಕಿಂಗಿಗೆಂದು ಹತ್ತು ವರ್ಷದಿಂದ ಜೋಪಾನ ಮಾಡಿದ ಅಸಲಿ ವಿಳಾಸವನ್ನು ನನ್ನ ಕೈಯಾರೆ ಟೈಪ್ ಮಾಡಿ ಕಳುಹಿಸಿದೆ. ಕೇಳಿದವರು ಕಳ್ಳರೆಂದು ಗೊತ್ತಿದ್ದೂ ಕೊಟ್ಟೆ! ಪ್ಲಸ್ ಗುರುತಿನ ವಿಳಾಸಕ್ಕೆ ಬಂದದ್ದೆಲ್ಲ ತಾನಾಗಿ ಕಸಕ್ಕೆ ಹೋಗುವಂತೆ ಜಿಮೇಲಿನಲ್ಲಿ ಒಂದು ಫಿಲ್ಟರ್ ಹಾಕಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅದೂ ಇಲ್ಲ.

ಡಿಸೆಂಬರಿನಲ್ಲಿ, ಹಣ್ಣು ಕುಯ್ಯುವ ಗಡಿಬಿಡಿಯ ನಡುವೆ, ಮೈಸೂರಿನ ಕುಟುಂಬವೊಂದು ಕ್ರಿಸ್‌ಮಸ್ ರಜೆಗೆಂದು ಬರೆದಿದ್ದ ಪತ್ರವನ್ನು ಆ ರಾಶಿಯ ಜೊತೆಗೇ ಅಳಿಸಿಹಾಕಿದ್ದೇನೆ. ಉತ್ತರ ಬಾರದಿದ್ದರೂ ಹಳೆಯ ಪರಿಚಯದ ಮೇಲೆ ಅವರು ರಾತ್ರಿ ಒಂಬತ್ತಕ್ಕೆ ಗೇಟಿನ ಮುಂದೆ ಮಕ್ಕಳೊಂದಿಗೆ ನಿಂತಿದ್ದರು. ಮೂರೂ ಕೋಣೆ ತುಂಬಿದ್ದವು. ಆ ಚಳಿಯಲ್ಲಿ ಅವರನ್ನು ಮಡಿಕೇರಿಗೆ ಕಳುಹಿಸಿದ ಅವಮಾನವನ್ನು ಮಳಿಗೆಯವರಿಗೆ ಹೇಳಿದರೆ ಅವರ ಉತ್ತರ, “ಎಲ್ಲರಿಗೂ ಬರುತ್ತದೆ ಸರ್, ಡಿಲೀಟ್ ಮಾಡಿದರಾಯಿತು.”

ಬೇಡದ ಕರೆ ತಡೆಯಲೆಂದಿರುವ 1909 ಎಂಬ ಫೋನ್ ಸಂಖ್ಯೆಯಲ್ಲಿ ನೋಂದಾಯಿಸಿದರೆ ನಿಲ್ಲುವುದು ಜಾಹೀರಾತಿನ ಕರೆ ಮತ್ತು ಎಸ್ಸೆಮ್ಮೆಸ್ಸು, ಇಮೇಲ್ ಅಲ್ಲ. ಅಲ್ಲಿ ಅಲೆದು ಸಮಯ ಕಳೆಯಬೇಡಿ. ನೀವೇ ಖರೀದಿಸಿದ ನಂಬಿಕೆಯ ಅಂಗಡಿಯ ಪತ್ರವಾದರೆ ಅನ್‌ಸಬ್‌ಸ್ಕ್ರೈಬ್ ಒತ್ತಬಹುದು. ಗುರುತಿಲ್ಲದವರದ್ದಾದರೆ ಒಳಗಿನ ಯಾವುದನ್ನೂ ಮುಟ್ಟದೆ ಸ್ಪ್ಯಾಮ್ ಎಂದು ಗುರುತಿಸಿ. ಪತ್ರದೊಳಗಿನ ಚಿತ್ರಗಳು ತಾವಾಗಿ ತೆರೆಯದಂತೆ ಜಿಮೇಲಿನ ಸೆಟ್ಟಿಂಗಿನಲ್ಲಿ ತಡೆಯಿರಿ, ಏಕೆಂದರೆ ನೀವು ಪತ್ರ ತೆರೆದ ಸುದ್ದಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೂ ಕಳುಹಿಸಿದವನಿಗೆ ಮುಟ್ಟಿಸಬಲ್ಲದು.

ಬುಕಿಂಗಿಗೆ ಈಗ ಹೊಸ ವಿಳಾಸ ಮಾಡಿದ್ದೇವೆ. ಗೇಟಿನ ಬೋರ್ಡಿನಲ್ಲಿ ಮಾತ್ರ ಹಳೆಯದೇ ಇದೆ, ಮಳೆ ನಿಂತ ಮೇಲೆ ಪೇಂಟರನ್ನು ಕರೆಸಬೇಕು.